ಮೂರು ಪೆಡಲಿನ ಗಾಡಿ

ಮೈನುದ್ದೀನ ಸಾಹೇಬರ ಮನೆಯಲ್ಲಿ ಕಾರಿನ ಮಾತು ಶುರುವಾದದ್ದು ಹಿರಿಯ ಸೊಸೆ ತಬಸ್ಸುಮಳ ಕಾಲು ಮುರಿದ ಮೇಲೆ. ಅದಕ್ಕೂ ಮೊದಲು ಆ ಮನೆಗೊಂದು ಕಾರು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ನರಗುಂದದ ಪೇಟೆಯಲ್ಲಿ ಅವರದು ಕಡಲೆ, ಗೋವಿನಜೋಳದ ವ್ಯಾಪಾರ. ಅಂಗಡಿ ಮನೆಯ ಹಿಂದಿನ ಓಣಿಯಲ್ಲೇ. ಗಂಡಸರಿಗೆ ತಿರುಗಾಡಲು ಎರಡು ಬೈಕಿದ್ದವು. ಬಸ್ಸಿನ ಪಾಡು ಇದ್ದದ್ದು ತಬಸ್ಸುಮಳೊಬ್ಬಳಿಗೆ. ಅವಳು ಸೂಡಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಮಗಳು ಹಸೀನಾಳನ್ನು ಅತ್ತೆಯ ಮಗ್ಗುಲಿಗೆ ಮಲಗಿಸಿ, ರೋಣಕ್ಕೆ ಒಂದು ಬಸ್ಸು, ಅಲ್ಲಿಂದ ಸೂಡಿಗೆ ಇನ್ನೊಂದು ಬಸ್ಸು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ರೋಣದಲ್ಲಿ ಇಳಿಯುವ ಗದ್ದಲದಲ್ಲಿ ಹಿಂದಿನವರು ನೂಕಿದರು. ಬಿದ್ದವಳ ಎಡಗಾಲಿನ ಕೀಲು ಮುರಿಯಿತು.

ಗದಗಿನ ಡಾಕ್ಟರು ಪ್ಲೇಟು ಕೂರಿಸಿ ಹೊಲಿದರು. ಬೇಸಿಗೆಯಲ್ಲಿ ಎಕ್ಸ್‌ರೇ ನೋಡಿ, "ಸಾಲಿಗೆ ಹೋಗ್ರಿ, ಅಡ್ಡಿಯಿಲ್ಲ. ಆದ್ರ ಬಸ್ಸಿನ್ಯಾಗ ನಿಂತು ಹೋಗೂದು ಬ್ಯಾಡ. ಎಡಗಾಲಿಂದ ಒತ್ತೂ ಕೆಲಸನೂ ಬ್ಯಾಡ," ಎಂದರು.

"ಕಾರ್ ಹೊಡೀಬಹುದೇನ್ರಿ ಸರ್?" ಎಂದು ತಬಸ್ಸುಮ ಕೇಳಿದಳು. ಮದುವೆಗೆ ಮುಂಚೆ ಅಸೂಟಿಯ ತವರಿನಲ್ಲಿ ಅಪ್ಪನ ಹಳೆ ಕಾರಿನ ಮೇಲೆ ಕಲಿತು ಲೈಸೆನ್ಸ್ ತೆಗೆಸಿದ್ದಳು.

"ಕ್ಲಚ್ ಇಲ್ಲದ ಗಾಡಿ ಇದ್ರ ಆರಾಮ ಹೊಡೀರಿ. ಅದಕ್ಕ ಬಲಗಾಲೊಂದ ಸಾಕು."

ಆ ದಿನ ಸಂಜೆ ಊಟಕ್ಕೆ ಕೂತಾಗ ಈ ಮಾತು ಬಂತು. ಆ ಮನೆಯಲ್ಲಿ ದಿನದ ಮಾತೆಲ್ಲ ಅರ್ಧ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರಾ ಕನ್ನಡದಲ್ಲಿ.

"ನೌಕರಿ ಬಿಟ್ಟಬಿಡು ಬೇಟಾ," ಎಂದರು ಅತ್ತೆ ರಹಿಮತಬಿ, ರೊಟ್ಟಿಯ ಬುಟ್ಟಿ ಮುಂದೆ ತಳ್ಳುತ್ತ. "ಮನ್ಯಾಗ ಉಣ್ಣಾಕ ಏನು ಕಡಿಮಿ ಐತಿ? ಕಾಲು ಹೋದ್ರ ಸರ್ಕಾರದವರು ಹಚ್ಚಿಕೊಡೂದಿಲ್ಲ."

"ನೌಕರಿ ಬಿಡೂದಿಲ್ಲರಿ ಅಮ್ಮಾ. ಏನೂ ಆಗದಿದ್ರ ಸೂಡ್ಯಾಗ ಒಂದು ಖೋಲಿ ಹಿಡದು ಇರ್ತೀನಿ."

"ಖೋಲಿ?" ರಹಿಮತಬಿಯ ದನಿ ಏರಿತು. "ಗಂಡನ್ನ ಇಲ್ಲಿ ಬಿಟ್ಟು? ಈ ಕೂಸನ್ನ ಕಟಗೊಂಡು?"

"ಯಾರೂ ಎಲ್ಲೂ ಹೋಗೂದು ಬ್ಯಾಡ," ಎಂದು ಮುನಾವರ ನಡುವೆ ಬಂದ. ತಬಸ್ಸುಮಳ ಗಂಡ ಅವನು, ಅಪ್ಪನ ಜೊತೆ ಅಂಗಡಿ ನೋಡುತ್ತಿದ್ದ. "ಆಟೋಮ್ಯಾಟಿಕ್ ಕಾರ್ ತಗೊಳ್ಳೂಣು. ತಾನ ಹೊಡಕೊಂಡು ಹೋಗ್ತಾಳ, ಸಂಜೀಗೆ ಮನಿಗೆ ಬರ್ತಾಳ."

ಎಲ್ಲರೂ ಮೈನುದ್ದೀನ ಸಾಹೇಬರ ಮುಖ ನೋಡಿದರು. ಅವರು ಹೆಸರುಕಾಳಿನ ಪಲ್ಯ ಮುಗಿಸಿ, ನೀರು ಕುಡಿದು, ಆಮೇಲೆ ಹೇಳಿದರು: "ಈ ಸಲ ಕಡ್ಲಿ ಕೈ ಹಿಡದೈತಿ. ತಗೋರಿ. ಸಾಲಿ ಸುರು ಆಗೂದ್ರಾಗ ತಬಸ್ಸುಮಗ ಗಾಡಿ ಬಾಗಲದಾಗ ನಿಂತಿರ್ತೈತಿ. ನಾ ಹೇಳೇನಿ ಅಂದ್ರ ಮುಗೀತು."

ತಬಸ್ಸುಮಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನೌಕರಿಯೂ ಉಳಿಯಿತು, ಮನೆಯೂ ಉಳಿಯಿತು. ಕುಂಟುತ್ತಲೇ ಎದ್ದು ಎಲ್ಲರಿಗೂ ಚಹಾ ಮಾಡಿದಳು.

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಕಾರು ಎಂದರೆ ಗಂಡಸರ ಬಾಯಿಗೆ ಬೀಗ ಹಾಕುವವರು ಯಾರು? ಕಿರಿಯ ಮಗ ಶಾಹೀದ ಮೊಬೈಲಿನಲ್ಲಿ ವಿಡಿಯೋ ನೋಡತೊಡಗಿದ. ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಕೂರಬೇಕಾದವನು ಅವನು. ಕೂರುವುದೊಂದು ಬಿಟ್ಟು ಉಳಿದೆಲ್ಲ ಮಾಡುತ್ತಿದ್ದ. ಆಗಷ್ಟೇ ಮಾರುಕಟ್ಟೆಗೆ ಒಂದು ಹೊಸ ಗಾಡಿ ಬಂದಿತ್ತು. ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ, ಐದು ಮಂದಿ ಕಾಲು ಚಾಚಿ ಕೂರುವಂಥದು. ಊಟಕ್ಕೆ ಕೂತರೆ ಅದರದೇ ವರ್ಣನೆ.

"ಮಾರಿ ನೋಡ್ರಿ ಅಬ್ಬಾ ಇದರದು. ಈ ಕಡಿಯಿಂದ ಆ ಕಡಿ ತನಕ ಒಂದ ಲೈಟಿನ ಪಟ್ಟಿ. ಗಾಲಿ ನೋಡ್ರಿ, ಎಷ್ಟ ದೊಡ್ಡವು. ಬಾಗಲದ ಹಿಡಿಕಿ ಒಳಗ ಮುಚಗೊಂಡಿರ್ತಾವು, ಕೀಲಿ ಒತ್ತಿದ ಮ್ಯಾಲ ಹೊರಗ ಬರ್ತಾವು."

"ಹಿಡಿಕಿ ಇಲ್ಲದ ಬಾಗಲಾ ತಗೊಂಡು ಏನ ಮಾಡ್ತಿ?" ಎಂದರು ರಹಿಮತಬಿ. "ನನಗ ಹತ್ತಾಕ ಎತ್ತರ ಆಗಬಾರದು ನೋಡು. ಮತ್ತ ಬಿಳೇದು ಇರ್ಲಿ. ಕರೇದು ಅಂದ್ರ ನಮ್ಮ ಬಿಸಿಲಾಗ ಹಂಚಾಗತೈತಿ."

"ಕರೇದಕ್ಕ ಖದರ್ ಇರೂದು ಅಮ್ಮಾ. ಮ್ಯಾಲ ಗಾಜಿನ ಛತ್ತು ಬ್ಯಾರೆ!"

"ಬಿಸಿಲು ಸಾಲದೇನೋ ಇಲ್ಲಿ? ಛತ್ತು ತಗದು ಕುಂದರತೀಯೇನು?"

ಆ ಗಾಡಿಗೆ ಮೂರು ಬಗೆಯ ಎಂಜಿನ್ನು ಇದ್ದವು. ಸಾದಾ ಪೆಟ್ರೋಲು, ಟರ್ಬೊ ಪೆಟ್ರೋಲು, ಡೀಸೆಲ್ಲು. ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಬೇಕೆಂದರೆ ಅದು ಟರ್ಬೊ ಪೆಟ್ರೋಲಿನಲ್ಲಿ ಮಾತ್ರ. ಇದೇ ಎಡವಟ್ಟು. ಮೈನುದ್ದೀನ ಸಾಹೇಬರು ಪ್ರಾಯದಿಂದ ನೋಡಿದ್ದೆಲ್ಲ ಡೀಸೆಲ್ ಲಾರಿಗಳನ್ನೇ. ಪೆಟ್ರೋಲ್ ಗಾಡಿ ಅವರ ಪಾಲಿಗೆ ಹುಡುಗರ ಆಟಿಕೆ ಸಾಮಾನು.

"ದಿನಾ ಸೂಡಿಗೆ ಹೋಗಿ ಬರಬೇಕು. ಅಷ್ಟು ದೂರ ಓಡೂದಿದ್ರ ಡೀಸೆಲ್ಲ ಬೇಕು," ಎನ್ನುವರು.

"ಲೆಕ್ಕಕ್ಕ ಖರೇ ಐತಿ," ಎಂದು ಮುನಾವರನೂ ಗೋಣು ಹಾಕುವನು.

"ಡೀಸೆಲ್ಲಿಗೆ ಕ್ಲಚ್ ಐತಿ," ಎನ್ನುವಳು ತಬಸ್ಸುಮ, ಅಡುಗೆಮನೆಯಿಂದಲೇ. "ದಿನಾ ಓಡಾಡಾಕಿ ನಾನು. ನನ್ನ ಕಾಲು ಕ್ಲಚ್ ಒತ್ತೂದಿಲ್ಲ. ಬಣ್ಣ ಯಾವ್ದರ ಇರ್ಲಿ, ಮಾರಿ ಹ್ಯಾಂಗರ ಇರ್ಲಿ, ಕ್ಲಚ್ ಮಾತ್ರ ಇರಬಾರದು."

"ಗೊತ್ತೈತಿ, ಗೊತ್ತೈತಿ," ಎಂದು ಮೂವರೂ ಒಟ್ಟಿಗೆ ಹೇಳುವರು. ಮರುಕ್ಷಣ ಮತ್ತೆ ಗಾಲಿ, ಲೈಟು, ಎಳೆತ. ಅವಳ ದಿನನಿತ್ಯದ ದಾರಿಯನ್ನೇ ಹಿಡಿದು ಡೀಸೆಲ್ಲಿಗೆ ವಾದ ಹೂಡುತ್ತಿದ್ದವರಿಗೆ, ಆ ದಾರಿಯಲ್ಲಿ ಗಾಡಿ ಹೊಡೆಯುವವಳು ಮಾತ್ರ ನೆನಪಿಗೆ ಬರುತ್ತಿರಲಿಲ್ಲ.

ಶಾಲೆ ಶುರುವಾಗಲು ಹದಿನೈದು ದಿನ ಇದೆ ಎನ್ನುವಾಗ ಅಪ್ಪ, ಮಕ್ಕಳಿಬ್ಬರೂ ಗದಗಿನ ಶೋರೂಮಿಗೆ ಹೊರಟರು. ತಬಸ್ಸುಮಳಿಗೂ ಹೋಗುವ ಆಸೆಯಿತ್ತು. ಹಸೀನಾಳಿಗೆ ಜ್ವರ ಬಂದದ್ದರಿಂದ ಉಳಿದಳು. ಬಾಗಿಲ ತನಕ ಬಂದು ಗಂಡನಿಗೆ, "ಬುಕ್ ಮಾಡೂಕಿಂತ ಮದಲ ನನಗ ಫೋನ್ ಮಾಡ್ರಿ," ಎಂದಳು. ಮುನಾವರ ಹೂಂ ಅಂದ.

ಶೋರೂಮಿನ ದ್ಯಾಮೇಶ ಎಂಬ ಹುಡುಗ ಚಹಾ ತರಿಸಿದ. ಮುನಾವರ ಮೊದಲು ಕೇಳಿದ್ದೇ ಆಟೋಮ್ಯಾಟಿಕ್. ಅದನ್ನು ಒಪ್ಪಿಕೊಳ್ಳಬೇಕು.

"ಅದು ಸ್ಟಾಕ್ ಇಲ್ರಿ ಸರ್. ಬುಕ್ ಮಾಡಿದ್ರ ಎರಡು ತಿಂಗಳಿಗೆ ಬರ್ತೈತಿ. ಹಿಂಗ ಇರ್ತೈತಿ ನೋಡ್ರಿ," ಎಂದು ದ್ಯಾಮೇಶ ಪರದೆಯ ಮೇಲೆ ಚಿತ್ರ ತೋರಿಸಿದ.

ಮೈನುದ್ದೀನ ಸಾಹೇಬರು ಆ ಚಿತ್ರವನ್ನು ತಿರುಗಿಯೂ ನೋಡಲಿಲ್ಲ. ಪೇಟೆಯಲ್ಲಿ ಅವರು ಮಾಲು ನೋಡುವ ರೀತಿಯೇ ಬೇರೆ. ಚೀಲದೊಳಗೆ ಮೊಣಕೈ ತನಕ ಕೈ ಹಾಕಿ, ತಳದ ಕಾಳು ಹಿಡಿದು ತೆಗೆದು, ಹಲ್ಲಿಗಿಟ್ಟು ಕಡಿದ ಮೇಲೆಯೇ ದರ. ಕೈಗೆ ಸಿಗದ ಮಾಲಿಗೆ ಅವರು ಈವರೆಗೆ ಮಾತು ಕೊಟ್ಟವರಲ್ಲ.

"ಚಿತ್ರದಾಗಿನ ಕಡ್ಲಿ ನಾ ತಗೊಳ್ಳೂದಿಲ್ಲಪಾ. ಕಣ್ಣಮುಂದ ಏನೈತಿ, ಅದನ್ನ ತೋರ್ಸು."

ಕಣ್ಣ ಮುಂದೆ ಇದ್ದದ್ದು ಕರಿಯ ಡೀಸೆಲ್ ಗಾಡಿ. ಅಡ್ಡ ಲೈಟಿನ ಪಟ್ಟಿ, ದೊಡ್ಡ ಗಾಲಿ, ಗಾಜಿನ ಛತ್ತು. ಸಾಹೇಬರು ಬಾನೆಟ್ ತೆಗೆಸಿ ಕೈಯಾಡಿಸಿದರು, ಸೀಟು ಅಮುಕಿದರು, ಡಿಕ್ಕಿಯೊಳಗೆ ಬಗ್ಗಿ ತಳ ತಟ್ಟಿದರು. ಮುನಾವರ ಹುಬ್ಬಳ್ಳಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದ. ಇಳಿದಾಗ ಅವನ ಮುಖ ಅರಳಿತ್ತು. ಸ್ಟೇರಿಂಗ್ ಹಿಡಿದ ಕೂಡಲೇ ಅವನಿಗೆ ಹೆಂಡತಿಯ ಕಾಲು ಮರೆತೇಹೋಗಿತ್ತು. ಹಾಗೆಂದು ಅವನು ಕೆಟ್ಟವನಲ್ಲ. ಅಪ್ಪನೆದುರು ನಾಲಿಗೆ ಏಳದವನು, ಅಂದು ಆಸೆಯೂ ಜೊತೆಗೂಡಿತ್ತು, ಅಷ್ಟೆ.

"ಮ್ಯಾಡಮ್ಮರಿಗೆ ಆಟೋಮ್ಯಾಟಿಕ್ ಬೇಕಂದಿದ್ರಲ್ಲರಿ ಸರ್," ಎಂದು ದ್ಯಾಮೇಶನೇ ನೆನಪು ಮಾಡಿದ. "ಇನ್ನೊಮ್ಮೆ ಮನ್ಯಾಗ ಕೇಳಿ ಹೇಳ್ರಿ. ಅವಸರ ಏನಿಲ್ಲ."

"ಶಾಹೀದ ಅದಾನಲ್ಲ, ಕರಕೊಂಡು ಹೋಗ್ತಾನ," ಎಂದರು ಸಾಹೇಬರು.

"ನಾ ದಿನಾ ಬಿಟ್ಟು ಬರ್ತೀನಿ ಭಾಬೀನ," ಎಂದ ಶಾಹೀದ. ಆ ಗಾಡಿಗಾಗಿ ಅವನು ಅಂದು ಏನು ಬೇಕಾದರೂ ಒಪ್ಪುತ್ತಿದ್ದ.

ಮೈನುದ್ದೀನ ಸಾಹೇಬರು ಕೈ ಚಾಚಿ ದ್ಯಾಮೇಶನ ಕೈಮೇಲೆ ಇಟ್ಟರು. ಪೇಟೆಯಲ್ಲಿ ಹಾಗೆ ಕೈಮೇಲೆ ಕೈ ಬಿತ್ತೆಂದರೆ ವ್ಯಾಪಾರ ಮುಗಿಯಿತು. ಮುನಾವರ ಜೇಬಿನಲ್ಲಿದ್ದ ಫೋನು ಹೊರಗೆ ತೆಗೆಯಲೇ ಇಲ್ಲ.

ವಾರದೊಳಗೆ ಗಾಡಿ ಬಾಗಿಲಿಗೆ ಬಂತು. ಓಣಿಯ ಹುಡುಗರೆಲ್ಲ ಸುತ್ತ ನೆರೆದರು. ರಹಿಮತಬಿ ಬಣ್ಣ ನೋಡಿ ಮೂಗು ಮುರಿದರೂ ಬಿಸ್ಮಿಲ್ಲಾ ಎಂದು ಸಕ್ಕರೆ ಹಂಚಿದರು. ತಬಸ್ಸುಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಮುಂದಿನ ಲೈಟನ್ನೂ ನೋಡಲಿಲ್ಲ, ಮೇಲಿನ ಗಾಜನ್ನೂ ನೋಡಲಿಲ್ಲ. ನೇರ ಡ್ರೈವರ್ ಬದಿಯ ಬಾಗಿಲು ತೆಗೆಸಿ ಬಗ್ಗಿ ಕೆಳಗೆ ನೋಡಿದಳು. ಮೂರು ಪೆಡಲಿದ್ದವು.

"ಇದು ಯಾರಿಗೆ ತಂದ್ರಿ?" ಎಂದಳು.

ಮುನಾವರ, "ಆಟೋಮ್ಯಾಟಿಕ್ ತಡ ಆಗ್ತಿತ್ತು..." ಎಂದ.

"ಎಷ್ಟ ತಡ?"

"ಎರಡು ತಿಂಗಳು."

"ಎರಡು ತಿಂಗಳು ನಾ ಹ್ಯಾಂಗರ ಮಾಡಿ ತಡೀತಿದ್ನಿ. ಈಗ ಹತ್ತು ವರ್ಷ ಏನ ಮಾಡ್ಲಿ?" ನೆರೆದ ಮಂದಿಯೆದುರು ಅಳಬಾರದೆಂದು ಒಳಗೆ ಹೋದಳು. ಶಾಹೀದ ಹಿಂದೆಯೇ ಬಂದು, "ಭಾಬಿ, ನಾ ಅದೀನಲ್ಲ, ಚಿಂತಿ ಮಾಡಬ್ಯಾಡ್ರಿ," ಎಂದ.

ಶಾಲೆ ಶುರುವಾದ ಮೊದಲ ವಾರ ಶಾಹೀದ ನಿಜಕ್ಕೂ ಹೊತ್ತಿಗೆ ಸರಿಯಾಗಿ ಎದ್ದ. ರೋಣದಲ್ಲಿ ಗೆಳೆಯರು ಕಂಡರೆ ಗಾಜು ಇಳಿಸಿ ಕೈ ಬೀಸುತ್ತ, ಹಾಡು ಹಾಕಿಕೊಂಡು ಅತ್ತಿಗೆಯನ್ನು ಶಾಲೆಯ ಗೇಟಿನ ತನಕ ಬಿಟ್ಟ. ಎರಡನೆಯ ವಾರ ಅವನನ್ನು ಎಬ್ಬಿಸುವುದೇ ರಹಿಮತಬಿಗೆ ಒಂದು ಕೆಲಸವಾಯಿತು.

"ಏಳೋ, ಆಕಿ ಬುರ್ಖಾ ಹಾಕ್ಕೊಂಡು ನಿಂತಾಳ!"

"ಐದ ಮಿನಿಟು ಅಮ್ಮಾ."

ಮೂರನೆಯ ವಾರ ಗಜೇಂದ್ರಗಡದಲ್ಲಿ ಮದುವೆ ಬಂತು. ಅಲ್ಲಿಗೆ ಕೊಟ್ಟ ಸಾಹೇಬರ ಮಗಳು ಫರ್ಜಾನಾಳ ನಾದಿನಿಯ ಮದುವೆ. ಹೊಸ ಗಾಡಿ ಮೂರು ದಿನ ಅಲ್ಲೇ ಉಳಿಯಿತು, ಮದುಮಗನನ್ನು ಹೊತ್ತು ತಿರುಗಿತು. ತಬಸ್ಸುಮ ಬಸ್ಸು ಹತ್ತಿದಳು. ಸೀಟು ಸಿಗಲಿಲ್ಲ. ಶಾಲೆ ಮುಟ್ಟಿದಾಗ ಪ್ರಾರ್ಥನೆ ಮುಗಿದು ಎರಡನೆಯ ಪೀರಿಯಡ್ಡು ನಡೆದಿತ್ತು. ಹೆಡ್‌ಮಾಸ್ತರು ಬೈಯಲಿಲ್ಲ, "ಹತ್ತನೇದವರು ಗದ್ದಲ ಮಾಡಾಕತ್ತಾರ್ರಿ, ನೋಡ್ರಿ," ಎಂದಷ್ಟೇ ಹೇಳಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಸಂಜೆ ಮನೆಗೆ ಬಂದಾಗ ಕಾಲು ಬಾತು ಚಪ್ಪಲಿ ಕಳಚಲಿಲ್ಲ. ರಹಿಮತಬಿ ಬಿಸಿನೀರು ತಂದು ಕೂತು, ತಾವೇ ಪಟ್ಟಿ ಬಿಚ್ಚಿ, ಕಾಲು ನೋಡಿದರು. ಆಮೇಲೆ ಎದ್ದು ಗಂಡನ ತಾಟಿಗೆ ರೊಟ್ಟಿ ಹಾಕುವಾಗ ಸದ್ದಾಗುವ ಹಾಗೆ ಹಾಕಿದರು.

"ಆ ಗಾಡಿ ತಿರುಗಿ ಕೊಟ್ಟು ಆಕಿಗೆ ಬೇಕಾದ್ದು ತರ್ರಿ."

"ತಿರುಗಿ ಕೊಡಾಕ ಅದೇನು ಕೊಡ ಏನು?" ಎಂದರು ಸಾಹೇಬರು. "ಕೈಮ್ಯಾಲ ಕೈ ಹಾಕಿ ಬಂದೇನಿ. ಪ್ಯಾಟ್ಯಾಗ ಒಬ್ಬರು ಹೇಳ್ಲಿ ನೋಡೂಣು, ಮೈನುದ್ದೀನ ಮಾತು ತಪ್ಪಿದ ಅಂತ."

ತಬಸ್ಸುಮ ಇಷ್ಟು ದಿನ ಮಾವನಿಗೆ ಎದುರಾಡಿದವಳಲ್ಲ. ಅಂದು ಕೂತಲ್ಲಿಂದಲೇ ಕೇಳಿದಳು.

"ಅಬ್ಬಾ, ನನಗ ಕೊಟ್ಟದ್ದು ಮಾತಲ್ಲೇನ್ರಿ?"

"ಯಾವ ಮಾತು?"

"ಇದ ಜಾಗಾದಾಗ ಕುಂತು ಹೇಳಿದ್ರಿ. ತಬಸ್ಸುಮಗ ಗಾಡಿ, ನಾ ಹೇಳೇನಿ ಅಂದ್ರ ಮುಗೀತು ಅಂತ. ಆ ಹುಡುಗಗ ಕೊಟ್ಟ ಮಾತಿಗಿಂತ ಅದು ಮದಲಿಂದು."

ಮೈನುದ್ದೀನ ಸಾಹೇಬರು ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದರು. ಅವರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಆಗಿತ್ತು. "ಅದು ಮನ್ಯಾಗಿನ ಮಾತು, ಬೇಟಾ. ವ್ಯಾಪಾರದ ಮಾತು ಬ್ಯಾರೆ," ಎಂದರು.

ಅವರು ಸುಳ್ಳು ಹೇಳಲಿಲ್ಲ, ನೆಪ ಹೇಳಲಿಲ್ಲ. ಮನಸ್ಸಿನಲ್ಲಿದ್ದದ್ದನ್ನೇ ಹೇಳಿದರು. ತಬಸ್ಸುಮಳಿಗೆ ಕಾಲಿನ ನೋವು ಅದರ ಮುಂದೆ ಏನೂ ಅಲ್ಲವೆನಿಸಿತು. ಮುನಾವರ ತಲೆ ತಗ್ಗಿಸಿ ಶೇಂಗಾ ಚಟ್ನಿಯಲ್ಲಿ ಬೆರಳಾಡಿಸುತ್ತಿದ್ದ. ಅವನು ಏನಾದರೂ ಅಂದಾನೆಂದು ಅವಳು ಕಾದಳು. ಅವನು ತಾಟಿನಲ್ಲೇ ಕೈ ತೊಳೆದು ಎದ್ದ.

ಅದಾದ ಮೇಲೆ ಅವಳು ಜಗಳ ಮಾಡಲಿಲ್ಲ. ಶಾಹೀದ ಎದ್ದ ದಿನ ಕಾರು, ಏಳದ ದಿನ ಬಸ್ಸು. ಮೊಹರಮ್ಮಿನ ರಜೆ ಮುಗಿಸಿ ಶಾಲೆಗೆ ಹೋದವಳು ಸಂಜೆ ಬಂದು, ಬುರ್ಖಾ ತೆಗೆಯುವ ಮೊದಲೇ ಅತ್ತೆಗೆ ಹೇಳಿದಳು.

"ಅಮ್ಮಾ, ಸೂಡ್ಯಾಗ ಮನಿ ನೋಡಿ ಬಂದೇನಿ. ಸಾಲಿಯಿಂದ ನಾಕು ಮನಿ ಆಚಿಗೆ. ಒಂದು ಖೋಲಿ, ಒಂದು ಅಡಗಿಮನಿ. ಐತವಾರ ಹೋಗ್ತೀನಿ."

ರಹಿಮತಬಿ ದೊಡ್ಡ ದನಿ ತೆಗೆಯುತ್ತಾರೆಂದು ಅವಳು ಗಟ್ಟಿಯಾಗಿ ನಿಂತಿದ್ದಳು. ಆದರೆ ಅವರು, "ಹಸೀನಾ?" ಎಂದಷ್ಟೇ ಕೇಳಿದರು.

"ನನ್ನ ಜೋಡಿ. ಅಲ್ಲೇ ಅಂಗನವಾಡಿ ಐತಿ."

"ನಾ ಆ ಕೂಸಿಲ್ಲದ ಹ್ಯಾಂಗ ಮಲಗ್ಲೆ?" ಎಂದು ರಹಿಮತಬಿ ಅತ್ತರು. ಅತ್ತು ಮುಗಿದ ಮೇಲೆ ಎದ್ದು ಜೋಳದ ಹಿಟ್ಟು ಜರಡಿ ಹಿಡಿಯಲು ಕೂತರು. ಗಂಡನ ಮೇಲಿನ ಸಿಟ್ಟನ್ನೆಲ್ಲ ಜರಡಿಯ ಮೇಲೆ ತೀರಿಸಿಕೊಂಡರು.

ಭಾನುವಾರ ಬೆಳಿಗ್ಗೆ ಕರಿಯ ಕಾರಿನ ಡಿಕ್ಕಿ ತುಂಬಿತು. ಗ್ಯಾಸಿನ ಒಲೆ, ಹಾಸಿಗೆ ಸುರುಳಿ, ಹಿಟ್ಟಿನ ಡಬ್ಬಿ, ಹಸೀನಾಳ ಮೂರು ಗಾಲಿಯ ಸೈಕಲ್ಲು. ಮೈನುದ್ದೀನ ಸಾಹೇಬರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಮಂದಿ ಏನಂತಾರ?" ಎಂದರು ಕೊನೆಗೆ.

"ಸೊಸಿಗೆ ನೌಕರಿ ಐತಿ, ನೌಕರಿ ಊರಾಗ ಅದಾಳ ಅಂತಾರ್ರಿ," ಎಂದಳು ತಬಸ್ಸುಮ. "ಬರ್ತೀನಿ ಅಬ್ಬಾ." ತಲೆಬಾಗಿ ಸಲಾಂ ಮಾಡಿದಳು. ಅವರ ಕೈ ಅವಳ ತಲೆಯ ತನಕ ಬಂದು, ನಿಂತು, ಆಮೇಲೆ ತಲೆ ಮುಟ್ಟಿತು.

ದಾರಿಯುದ್ದಕ್ಕೂ ಶಾಹೀದ ಹಾಡು ಹಾಕಲಿಲ್ಲ. ಮುನಾವರ ಮುಂದೆ ಕೂತಿದ್ದ. ಹಿಂದೆ ಅತ್ತೆ, ಸೊಸೆ, ನಡುವೆ ಹಸೀನಾ. ಕೂಸು ಮೇಲಿನ ಗಾಜಿನಲ್ಲಿ ಮೋಡ ನೋಡಿ ಚಪ್ಪಾಳೆ ತಟ್ಟಿತು. ಉಳಿದವರಿಗೆ ಆ ಮೋಡವೂ ಬೇಡವಾಗಿತ್ತು.

ಸೂಡಿಯ ಖೋಲಿಯನ್ನು ರಹಿಮತಬಿ ತಾವೇ ಗುಡಿಸಿದರು. ಒಲೆ ಹಚ್ಚಿ, ಹಾಲು ಉಕ್ಕಿಸಿ, ಎಲ್ಲರಿಗೂ ಚಹಾ ಕೊಟ್ಟರು. ಡಬ್ಬಿಗಳನ್ನು ಗೂಡಿನಲ್ಲಿ ಜೋಡಿಸಿ, "ಮ್ಯಾಲಿಂದಕ್ಕ ಕೈ ಚಾಚಬ್ಯಾಡ, ಕಾಲ ಮ್ಯಾಲ ನಿಲ್ಲಬೇಕಾಗ್ತೈತಿ," ಎಂದರು. ಹೊತ್ತು ಇಳಿಯತೊಡಗಿತು. ಮೊಮ್ಮಗಳ ಕೆನ್ನೆ ಕಚ್ಚಿ ಮುತ್ತು ಕೊಟ್ಟು, ಹಿಂದಿರುಗಿ ನೋಡದೆ ಹೋಗಿ ಕಾರಿನಲ್ಲಿ ಕೂತರು. ಶಾಹೀದ ಗಾಡಿ ಚಾಲೂ ಮಾಡಿದ.

ಮುನಾವರ ಮುಂದಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟ. ಹಸೀನಾ ಹೊಸ್ತಿಲ ಮೇಲೆ ನಿಂತು, "ಅಬ್ಬು, ನೀ ಎಲ್ಲಿ ಹೊಂಟಿ?" ಎಂದು ಕೇಳಿದಳು. ಅವನು ಹೆಂಡತಿಯನ್ನು ನೋಡಿದ. ತಬಸ್ಸುಮ ಅವನನ್ನು ಇರು ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಬಲಗಾಲಿನ ಮೇಲೆ ನಿಂತಿದ್ದಳು.

ಮುನಾವರ ಕಾಲು ಹೊರಗೆ ತೆಗೆದ. ಹೊರಗಿನಿಂದಲೇ ಬಾಗಿಲು ಹಾಕಿದ.

"ಶಾಹೀದ, ಅಮ್ಮಾನ್ನ ಕರಕೊಂಡು ನೀ ಹೋಗು. ಅಂಗಡಿ ನಾಳೆ ನೀ ತಗೀಬೇಕು. ನಾ ಬಸ್ಸಿಗೆ ಬರ್ತೀನಿ ಅಂತ ಅಬ್ಬಾಗ ಹೇಳು. ದಿನಾ ಇಲ್ಲಿಂದ ಬಸ್ಸಿಗೇ ಬರ್ತೀನಿ ಅಂತ ಹೇಳು."

ಶಾಹೀದ ಬಾಯಿ ತೆರೆದ. ಹಿಂದಿನ ಸೀಟಿನಿಂದ ರಹಿಮತಬಿ, "ಏನ ನೋಡ್ತಿ? ನಡಿ," ಎಂದು ಅವನ ಭುಜಕ್ಕೆ ತಟ್ಟಿದರು. ಗಾಡಿ ಧೂಳೆಬ್ಬಿಸಿಕೊಂಡು ರೋಣದ ರಸ್ತೆ ಹಿಡಿಯಿತು.

ಮುನಾವರ ಒಳಗೆ ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ಹಾಸಿಗೆಯ ಸುರುಳಿಯ ಮೇಲೆ ಕೂತ. ತಬಸ್ಸುಮಳಿಗೆ ಅಳು ಬರುವಂತಾಗಿತ್ತು, ಸಿಟ್ಟೂ ಇನ್ನೂ ಇಳಿದಿರಲಿಲ್ಲ. ಎರಡನ್ನೂ ತಡೆದುಕೊಂಡು ರೊಟ್ಟಿಗೆ ನಾದುವ ಕೊಣಮಿಗೆಯಲ್ಲಿ ಹಿಟ್ಟು ಸುರಿದಳು.

"ಮದಲನೇ ಬಸ್ಸು ನಸುಕಿನ್ಯಾಗ ಬರ್ತೈತಿ," ಎಂದಳು. "ರೋಣದ ತನಕ ನಿಂತ ಹೋಗಬೇಕಾಗ್ತೈತಿ. ಇಳಿಯೂ ಮುಂದ ಹಿಂದಿನವರು ನೂಕತಾರ, ನೋಡ್ಕೊಂಡು ಇಳೀರಿ."